ಜಪಾನಿನ ಚಿತ್ರಗಾರನೂ ನಮ್ಮ ಮುತ್ತಾತಂದಿರ ಕುದುರೆಗಳೂ

ನಮ್ಮೂರಿನಲ್ಲಿ ಮುತ್ತಾತನಿಗೆ ಕುದುರೆ ಇರದಿದ್ದ ಮನೆ ಒಂದೂ ಇಲ್ಲ. ಜಂಗಮಕೋಟೆಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಊರು ಅದು. ಯಾವ ಜಗಲಿಯ ಮೇಲೆ ಕೂತರೂ ಕಾಫಿಗಿಂತ ಮೊದಲು ಕುದುರೆ ಬರುತ್ತದೆ. "ನಮ್ಮ ಮುತ್ತಾತ ಬಿಳೀ ಕುದುರೆ ಮೇಲೆ ಶಿಡ್ಲಘಟ್ಟದ ಸಂತೆಗೆ ಹೋಗ್ತಿದ್ರಂತೆ" ಎಂದು ಒಬ್ಬರು ಶುರು ಮಾಡಿದರೆ, ಎದುರಿಗಿರುವವರು "ನಮ್ಮೋರದು ಕರೀದು, ಸೊಂಟದಾಗೆ ಕತ್ತಿ ಇಲ್ದೆ ಊಟಕ್ಕೂ ಕೂತ್ಕೊಂತಿರ್ಲಿಲ್ಲ" ಎನ್ನುತ್ತಾರೆ. ಅಷ್ಟು ಕುದುರೆಗಳು ನಿಜವಾಗಿ ಇದ್ದಿದ್ದರೆ ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆಗೆ ಜಾಗವೇ ಸಿಗುತ್ತಿರಲಿಲ್ಲ, ಹೊಲಕ್ಕೆಲ್ಲ ಹುರುಳಿಯನ್ನೇ ಚೆಲ್ಲಬೇಕಾಗಿತ್ತು. ನನ್ನ ಅಜ್ಜಿ ಈ ಮಾತು ಕಿವಿಗೆ ಬಿದ್ದಾಗೆಲ್ಲ, "ಹೌದೌದು, ಎಲ್ಲಾರೂ ಕುದುರೆ ಹತ್ತಿದೋರೇ. ಲದ್ದಿ ಎತ್ತಿದೋರು ಮಾತ್ರ ಒಬ್ರ ಮನೇಲೂ ಹುಟ್ಲಿಲ್ಲ" ಎನ್ನುತ್ತಿದ್ದಳು.

ಈ ಕುದುರೆಗಳಿಗೆ ಮೊಟ್ಟಮೊದಲು ಸಾಕ್ಷಿ ಕೇಳಿದವರು ನನ್ನ ಭಾವ, ಅಕ್ಕನ ಗಂಡ. ಶಿಡ್ಲಘಟ್ಟದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೆ ಈ ಚಟ ಅಂಟಿಸಿದ್ದು ಜಪಾನಿನ ಒಬ್ಬ ಚಿತ್ರಗಾರ. ಆತ ಭಾವನನ್ನು ನೋಡಿದ್ದಿಲ್ಲ, ಭಾವ ಆತನನ್ನು ನೋಡಿದ್ದಿಲ್ಲ. ನಡುವೆ ಇದ್ದದ್ದು ರೇಷ್ಮೆ ಹುಳು.

ಬಹಳ ಹಿಂದೆ ಜಪಾನಿನಿಂದ ಒಬ್ಬ ರೇಷ್ಮೆ ತಜ್ಞರು ನಮ್ಮ ಕಡೆಯ ಹುಳುಮನೆಗಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ರೈತರ ತರಬೇತಿಗೆ ಒಳ್ಳೆಯ ಹುಳು ಯಾವುದು, ರೋಗದ ಹುಳು ಯಾವುದು ಎಂದು ದೊಡ್ಡ ಹಾಳೆಗಳ ಮೇಲೆ ಚಿತ್ರ ಬರೆದುಕೊಟ್ಟವರು ಭಾವ. ಆ ಹುಳುಗಳನ್ನು ನೋಡಿ ನಮ್ಮ ಚಿಕ್ಕಪ್ಪನೊಬ್ಬ ಸೊಪ್ಪು ಹಾಕಲು ಹೋಗಿದ್ದ ಎಂದರೆ ನೀವು ನಂಬಬೇಕಾಗಿಲ್ಲ. ನಾವಂತೂ ಇವತ್ತಿಗೂ ಹೇಳಿಕೊಂಡು ನಗುತ್ತೇವೆ. ತಜ್ಞರು ಮೆಚ್ಚಿ, ಹೊರಡುವಾಗ ತಮ್ಮ ಚೀಲದಲ್ಲಿದ್ದ ಒಂದು ದಪ್ಪ ಪುಸ್ತಕವನ್ನು ಭಾವನಿಗೆ ಕೊಟ್ಟು ಹೋದರು. ಅವರ ದೇಶದ ಒಬ್ಬ ಚಿತ್ರಗಾರನ ಚಿತ್ರಗಳು. ಅಕ್ಷರವೆಲ್ಲ ಜಪಾನಿ. ಆತನ ಬದುಕಿನ ಕಥೆಯನ್ನು ತಜ್ಞರು ಎರಡು ಸಂಜೆ ಕೂತು ಇಂಗ್ಲಿಷಿನಲ್ಲಿ ಹೇಳಿದರು. ಅವರ ಇಂಗ್ಲಿಷೂ ನಮ್ಮ ಭಾವನ ಇಂಗ್ಲಿಷೂ ಕೂಡಿ ಹುಟ್ಟಿದ ಕಥೆ ಅದು. ಅದರಲ್ಲಿ ಜಪಾನಿನ ಪಾಲೆಷ್ಟು, ಶಿಡ್ಲಘಟ್ಟದ ಪಾಲೆಷ್ಟು ಅಂತ ನಾನು ಹೇಳಲಾರೆ.

ಆತ ಅಕ್ಕಿ ಅಂಗಡಿಯವರ ಮಗನಂತೆ. ಪುರಾಣಕಾಲದವನೇನಲ್ಲ, ರೈಲು ಹತ್ತಿ ಓಡಾಡಿದವನು, ಪೇಪರು ಓದಿದವನು. ಆದರೆ ಬರೆದದ್ದು ಮಾತ್ರ ಹಳೆಯ ಯುದ್ಧಗಳನ್ನು, ರಾಜರನ್ನು, ದಂಡಿನವರನ್ನು. ಒಂದು ಶಿರಸ್ತ್ರಾಣದ ದಾರ ಯಾವ ಕಡೆಗೆ ಗಂಟು ಬೀಳುತ್ತದೆ ಎಂದು ತಿಳಿಯಲು ಮೂರು ಚಳಿಗಾಲ ದೇವಸ್ಥಾನಗಳ ಉಗ್ರಾಣ ಸುತ್ತಿದನಂತೆ. ಕಣ್ಣಾರೆ ನೋಡದ ಕತ್ತಿಯನ್ನು ಯಾರ ಸೊಂಟಕ್ಕೂ ಕಟ್ಟುತ್ತಿರಲಿಲ್ಲ. ಬಣ್ಣವನ್ನು ಕಲ್ಲು ಅರೆದು ಮಾಡಿಕೊಂಡು, ರೇಷ್ಮೆ ಬಟ್ಟೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಎಳೆಯುತ್ತಿದ್ದ. ಯುದ್ಧದ ಕಾಲದಲ್ಲಿ ಅಧಿಕಾರಿಗಳು ಬಂದು, "ನಮ್ಮ ಸೇನಾಪತಿಯನ್ನು ವೀರಾವೇಶದಲ್ಲಿ ಬರೆದುಕೊಡು" ಎಂದಾಗ, "ಆವತ್ತು ಅವರು ಹಾಕಿದ್ದ ಬೂಟು ತಂದುಕೊಡಿ, ಆಮೇಲೆ ನೋಡೋಣ" ಎಂದನಂತೆ. ಬೂಟು ಬರಲಿಲ್ಲ, ಚಿತ್ರವೂ ಆಗಲಿಲ್ಲ.

ಪುಸ್ತಕದ ನಡುವೆ ಎರಡು ಪುಟ ಹರವಿಕೊಂಡ ಒಂದು ಚಿತ್ರವಿತ್ತು. ನಾಳೆ ಯುದ್ಧ. ಸೇನಾಪತಿಯೊಬ್ಬ ಕೈಯಲ್ಲಿ ಬೀಸಣಿಗೆ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದಾನೆ, ಅಷ್ಟೆ. ಸೈನ್ಯವಿಲ್ಲ, ಕುದುರೆಯಿಲ್ಲ. ಮುಕ್ಕಾಲು ಚಿತ್ರ ಬರೀ ಖಾಲಿ ರೇಷ್ಮೆ. ಭಾವ ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಕಾಫಿ ಹೋಟೆಲಿಗೂ ಒಯ್ದು ತೋರಿಸುತ್ತಿದ್ದರು. ಅಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವವರೊಬ್ಬರು ಬಗ್ಗಿ ನೋಡಿ, "ಪಾಪ, ಬಣ್ಣ ಮುಗ್ದೋಗದೆ ಮೇಷ್ಟ್ರೇ" ಎಂದರು.

"ಮುಗ್ದಿಲ್ಲಪ್ಪಾ, ಬಿಟ್ಟಿದಾನೆ. ಗೊತ್ತಿಲ್ಲದ್ದನ್ನ ತುಂಬಿಸ್ಲಿಲ್ಲ, ಅಷ್ಟೆ."

"ಹಂಗಾದ್ರೆ ನಮ್ ಹುಡುಗ ಪರೀಕ್ಷೇಲಿ ಮಾಡ್ಬಂದಿದ್ದೂ ಇದನ್ನೇ!"

ಹೋಟೆಲೆಲ್ಲ ನಕ್ಕಿತು. ಭಾವನೂ ನಕ್ಕರು. ಆದರೆ ಪುಸ್ತಕ ಮುಚ್ಚಲಿಲ್ಲ. ಇಂಥ ಒಂದು ಚಿತ್ರ ಜೀವಮಾನದಲ್ಲಿ ಒಂದೇ ಒಂದು ನಾನೂ ಬರೆಯಬೇಕು ಎಂದು ಅವರು ಅಕ್ಕನಿಗೆ ಹೇಳುತ್ತಲೇ ಇದ್ದರು. ಮೇಷ್ಟ್ರ ಕೆಲಸ, ಇಬ್ಬರು ಮಕ್ಕಳ ಮದುವೆ, ಮನೆ ಕಟ್ಟುವುದು ಎಂದು ವರ್ಷಗಳು ಹೋದವು. ಕೊನೆಗೆ ಕಣ್ಣು ಮಂಜಾಯಿತು ಎಂದು ಚಿಕ್ಕಬಳ್ಳಾಪುರಕ್ಕೆ ತೋರಿಸಲು ಹೋದರೆ, ಡಾಕ್ಟರು "ಪೊರೆ ಅಲ್ಲ ಸಾರ್, ನರ ಒಣಗ್ತಾ ಇದೆ. ಹೋಗಿದ್ದು ವಾಪಸ್ ಬರಲ್ಲ. ಸಣ್ಣ ಕೆಲಸ ಏನಾದ್ರೂ ಮಾಡೋದಿದ್ರೆ ಈಗ್ಲೇ ಮಾಡ್ಕೊಂಬಿಡಿ" ಎಂದುಬಿಟ್ಟರು.

ಅದೇ ಸಮಯಕ್ಕೆ ನಮ್ಮ ಜಾತಿಯವರೆಲ್ಲ ಸೇರಿ ಊರಿನಲ್ಲಿ ಒಂದು ಸಮುದಾಯ ಭವನ ಕಟ್ಟಿಸಿ ಮುಗಿಸುತ್ತಿದ್ದರು. ನಾನು ಅದರ ಕಾರ್ಯದರ್ಶಿ. ಅಧ್ಯಕ್ಷರು ಹೊಲಗಳನ್ನು ಲೇಔಟ್ ಮಾಡಿ ದೊಡ್ಡವರಾದವರು. ವೇದಿಕೆಯ ಹಿಂದಿನ ಗೋಡೆಗೆ ನಮ್ಮ ಪೂರ್ವಿಕರ ಶೌರ್ಯದ ಚಿತ್ರ ಆಗಬೇಕು ಎಂದು ತೀರ್ಮಾನವಾಯಿತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ: ಯಾವುದೋ ಕಾಲದಲ್ಲಿ ಹೊರಗಿನ ದಂಡೊಂದು ಬಂತು, ನಮ್ಮವರು ಕುದುರೆ ಹತ್ತಿ ಕೆರೆ ಏರಿಯ ಮೇಲೆ ನಿಂತು ಅಟ್ಟಿಬಿಟ್ಟರು. ನಾನೇ ಎದ್ದು, "ನಮ್ಮ ಭಾವ ಬರೀತಾರೆ" ಎಂದೆ. ಅವರ ಕಣ್ಣಿನ ವಿಷಯ ಗೊತ್ತಿದ್ದೇ ಹೇಳಿದೆ. ಇನ್ನು ಈ ಒಂದು ಚಿತ್ರಕ್ಕೆ ಮಾತ್ರ ಅವರಲ್ಲಿ ಬೆಳಕಿತ್ತು.

ಭಾವ ಚಿತ್ರ ಶುರು ಮಾಡಲಿಲ್ಲ, ತನಿಖೆ ಶುರು ಮಾಡಿದರು.

ಮೊದಲು ಹೋದದ್ದು ಅಧ್ಯಕ್ಷರ ಮನೆಗೆ. ಅವರ ದೇವರ ಮನೆಯಲ್ಲಿ ಮುತ್ತಾತನ ಕತ್ತಿಗೆ ದಿನಾ ಕುಂಕುಮವಿಟ್ಟು ಪೂಜೆ. ಭಾವ ಕನ್ನಡಕವನ್ನು ಹಣೆಗೇರಿಸಿ, ಕತ್ತಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದರ ಬಾಯಿ ಒಂದೇ ಕಡೆ ಸವೆದಿದೆ. ಹಿಡೀನೂ ಕುಡುಗೋಲಿಗೆ ಹಾಕ್ಸೋ ಥರದ್ದು. ದಿನಾ ಬೆಳಿಗ್ಗೆ ಮಣೆ ಮೇಲೆ ಏನನ್ನೋ ಕುಯ್ದಿದಾರೆ" ಎಂದರು.

"ಶತ್ರುಗಳನ್ನ!" ಎಂದರು ಅಧ್ಯಕ್ಷರು.

ಅವರ ತಾಯಿ ಅಡಿಗೆಮನೆಯಿಂದಲೇ ಕೂಗಿ ಹೇಳಿದರು: "ಸೊಪ್ಪು ಕಣೋ! ಮರಿ ಹುಳೂಗೆ ಸೊಪ್ಪು ಸಣ್ಣಗೆ ಹೆಚ್ಚೋ ಕತ್ತಿ ಅದು. ನಿಮ್ಮಪ್ಪ ಇದ್ದಾಗ ದನದ ಕೊಟ್ಟಿಗೇಲಿತ್ತು. ನೀನು ಅದನ್ನ ದೇವರ ಮನೆಗೆ ತಂದಿಟ್ಟಿದ್ದು ನಾನೂ ನೋಡ್ತಾನೇ ಇದೀನಿ, ಕೈಮುಗೀತಾನೇ ಇದೀನಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಎರಡು ದಿನ ಬಾಳಿತು. ಮೂರನೆಯ ದಿನ ಭಾವ ನಮ್ಮ ಮನೆಗೇ ಬಂದರು. ನಮ್ಮಲ್ಲಿ ಕತ್ತಿಯಲ್ಲ, ಫೋಟೋವೇ ಇತ್ತು: ಮುತ್ತಾತ ಪೇಟ ಸುತ್ತಿ, ಮುಂಗಾಲೆತ್ತಿದ ಕುದುರೆಯ ಮೇಲೆ ಕೂತಿರುವುದು. ಊರಿನಲ್ಲಿ ನಮ್ಮ ಮನೆತನಕ್ಕೆ ಒಂದು ಮೆಟ್ಟಿಲು ಎತ್ತರ ಸಿಕ್ಕಿದ್ದೇ ಆ ಫೋಟೋದಿಂದ. ಭಾವ ಅದನ್ನು ಗೋಡೆಯಿಂದ ಇಳಿಸಿ, ಕಿಟಕಿಗೆ ಹಿಡಿದು, ಭೂತಗಾಜಿನಲ್ಲಿ ನೋಡಿದರು.

"ಬಾಮೈದ, ಕುದುರೆ ಕಣ್ಣು ನೋಡು."

"ಏನಾಗಿದೆ ಭಾವ?"

"ರೆಪ್ಪೆ ಬರ್ದಿದಾರೆ. ಹೊಟ್ಟೆ ಕೆಳಗೆ ನೋಡು, ಮೊಳೆ. ಇದು ಹಲಗೆ ಕುದುರೆ ಕಣಯ್ಯಾ. ಚಿಂತಾಮಣಿ ಸ್ಟುಡಿಯೋಗಳಲ್ಲಿ ಇರ್ತಿತ್ತಲ್ಲ, ಹಿಂದೆ ಸ್ಟೂಲು ಹಾಕ್ಕೊಂಡು ಕೂತು ತೆಗೆಸ್ಕೊಳೋದು. ಪಕ್ಕದಲ್ಲಿ ಸ್ಟೂಲಿನ ಕಾಲೂ ಕಾಣ್ತಾ ಇದೆ."

ಅರವತ್ತು ವರ್ಷದಿಂದ ನಾನು ನೋಡುತ್ತಿದ್ದ ಫೋಟೋ. ಸ್ಟೂಲಿನ ಕಾಲು ಅಲ್ಲೇ ಇತ್ತು, ನಾನು ಕಂಡಿರಲಿಲ್ಲ. ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಕ್ಕೆ ಓಡಿದಳು. ನಾನು ಭಾವನಿಗೆ ಕಾಫಿ ಕೊಡಿಸಿದೆ, ಎರಡನೇ ಲೋಟ ಬೇಕಾ ಎಂದು ಮಾತ್ರ ಕೇಳಲಿಲ್ಲ.

ಉಳಿದದ್ದು ಕೆರೆ ಏರಿಯ ಮೇಲಿನ ವೀರಗಲ್ಲು. ಹಬ್ಬಕ್ಕೊಮ್ಮೆ ಒಂದೊಂದು ಮನೆಯವರು ಸುಣ್ಣ ಬಳಿದು ಬಳಿದು ಅದು ಹಿಟ್ಟಿನ ಮುದ್ದೆಯ ಹಾಗಾಗಿತ್ತು. ಒಳಗಿರುವ ಕುದುರೆ ಸವಾರ ನಮ್ಮವನೇ ಎಂದು ಮೂರು ಮನೆತನದವರು ಹೇಳುತ್ತಿದ್ದರು. ಭಾವ ಅದಕ್ಕೆ ಒದ್ದೆ ಗೋಣಿ ಸುತ್ತಿ, ಬಿದಿರಿನ ಚಕ್ಕೆಯಲ್ಲಿ ಎರಡು ದಿನ ಕೆರೆದರು. ಸುಣ್ಣ ಬಿಟ್ಟುಕೊಂಡಾಗ ಕುದುರೆ ಇರಲಿಲ್ಲ, ಕತ್ತಿಯೂ ಇರಲಿಲ್ಲ. ಒಬ್ಬ ಮನುಷ್ಯ ಕೂತಿದ್ದ. ಕೈಯಲ್ಲಿ ಉದ್ದನೆಯ ಕೋಲು, ಕೆಳಗೆ ಅಲೆಯ ಗೆರೆ, ಎರಡು ಮೀನು.

"ತೂಬಿನ ಕೋಲಪ್ಪಾ ಅದು" ಎಂದಳು ಏರಿಯ ಮೇಲೆ ಹಸು ಹೊಡೆದುಕೊಂಡು ಬರುತ್ತಿದ್ದ ಅಜ್ಜಿ. ಊರಾಚೆಯ ಕೇರಿಯವಳು. ತೂಬು ತೆಗೆದು ಮುಚ್ಚಿ, ಹೊಲಹೊಲಕ್ಕೆ ನೀರು ಬಿಡುವ ನೀರಗಂಟಿ ಕೆಲಸ ಅವಳ ಮನೆತನದ್ದು. ನಮ್ಮ ಹಿರಿಯರನ್ನು ಅವಳ ಹಿರಿಯರು "ಬುದ್ಧೀ" ಎಂದು ಕರೆದರು, ಅವಳು ನಮ್ಮನ್ನು "ಏನಪ್ಪಾ" ಎನ್ನುತ್ತಾಳೆ. ಅವಳ ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಲೆಕ್ಚರರ್. ಮನೆಯಲ್ಲಿ ಬುದ್ಧನ ಪಟವಿದೆ, ಅದರ ಕೆಳಗೆ ಪುಸ್ತಕಗಳಿವೆ.

"ದಂಡು ಬಂದಾಗ ನಮ್ಮೋರು ಅಟ್ಟಿದ್ದು ನಿಜವಾ ಅವ್ವಾ?" ಎಂದು ಭಾವ ಕೇಳಿದರು.

"ಯಾರು, ನಿಮ್ಮೋರಾ? ರಾಗಿ ಹೊಲ್ದಾಗೆ ಮಲಿಕ್ಕಂಡಿದ್ರಂತೆ ಎಲ್ಲಾ. ನಮ್ ತಾತ ಹೇಳ್ತಿದ್ದ. ದಂಡು ಬಂತು, ಕುದುರೆಗೆ ನೀರು ಕುಡಿಸ್ತು, ಹೋಯ್ತು. ನಮ್ಮೋನೊಬ್ಬ ತೂಬಿನ ಹತ್ರ ಕೂತಿದ್ದ. ಕೆರೆ ತುಂಬಿತ್ತು, ಬಿಟ್ಟು ಹೆಂಗೆ ಹೋಗ್ತಾನೆ? ಕೆರೆ ಒಡೆದ್ರೆ ಯಾರ ದಂಡು ಬಂದು ಕಟ್ಟುತ್ತೆ?" ಎಂದು ಹಸುವಿನ ಬೆನ್ನಿಗೊಂದು ಏಟು ಹಾಕಿ ಹೊರಟುಹೋದಳು.

ನಾನು ಆಗಲೇ ಭಾವನ ಕೈ ಹಿಡಿದುಕೊಂಡು ಹೇಳಿದೆ: "ಭಾವ, ದಮ್ಮಯ್ಯ, ಇದನ್ನ ಮಾತ್ರ ಬರೀಬೇಡಿ." ಅವರಿಗೆ ಕೇಳಿಸಲೇ ಇಲ್ಲ. ಕಲ್ಲನ್ನೇ ನೋಡುತ್ತಿದ್ದರು.

ಆಮೇಲೆ ಒಂದು ವರ್ಷ ಅಕ್ಕನ ಮನೆ ಮನೆಯಾಗಿರಲಿಲ್ಲ. ಶಿಡ್ಲಘಟ್ಟದ ನೂಲು ಕೊಟ್ಟು ಗೌರಿಬಿದನೂರು ಕಡೆಯ ಮಗ್ಗದವರಿಂದ ಅಂಚಿಲ್ಲದ ಬಿಳೀ ಬಟ್ಟೆ ನೇಯಿಸಿದರು. ಅದಕ್ಕೆ ಪಟಿಕವೂ ಬಡಗಿಗಳು ಬಳಸುವ ಚರ್ಮದ ಗೋಂದೂ ಕಾಯಿಸಿ ಬಳಿದಾಗ ಎದ್ದ ವಾಸನೆಗೆ ಬೀದಿನಾಯಿಗಳು ಬಂದು ಬಾಗಿಲಲ್ಲಿ ಕೂತವು. ಬಣ್ಣಕ್ಕೆಂದು ಕ್ವಾರಿಗಳಿಂದ ಕಲ್ಲು ಆಯ್ದು ತಂದರು. "ಬೆಟ್ಟಬೆಟ್ಟನೇ ಜಲ್ಲಿ ಮಾಡಿ ಲಾರೀಲಿ ಸಾಗಿಸ್ತಾರೆ, ಯಾರೂ ಕೇಳಲ್ಲ. ನಾನು ಒಂದು ಹಿಡಿ ಬಣ್ಣ ಮಾಡಿದ್ರೆ ಹುಚ್ಚ ಅಂತೀರಿ" ಎನ್ನುತ್ತಿದ್ದರು.

"ಬೆಟ್ಟ ಬೇಕಾದ್ರೆ ಅರ್ಕೊಳ್ಳಿ, ನನ್ ಮಿಕ್ಸಿಲಿ ಬೇಡ" ಎಂದಳು ಅಕ್ಕ. "ನಿನ್ನೆ ಚಟ್ನಿ ಕರಕರ ಅಂತಿತ್ತು. ಯಾವ ಬೆಟ್ಟ ತಿಂದ್ವೋ ಏನೋ."

ಆದರೂ ಬೆಳಗಿನ ಬಿಸಿಲು ಕಿಟಕಿಗೆ ಬರುವ ಆ ಎರಡು ಗಂಟೆ ಅಕ್ಕ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಷ್ಟು ಹೊತ್ತು ಮಾತ್ರ ಅವರಿಗೆ ಗೆರೆ ಕಾಣುತ್ತಿತ್ತು.

ಚಿತ್ರ ಭವನಕ್ಕೆ ಬಂದ ದಿನ ಸಮಿತಿಯವರೆಲ್ಲ ಸೇರಿದರು. ಭಾವ ಸುರುಳಿ ಬಿಚ್ಚಿದರು. ಕೆಳಗೆ ಒಂದೇ ಉಸಿರಿನಲ್ಲಿ ಎಳೆದ ಹಾಗೆ ಕೆರೆ ಏರಿ. ಅದರ ಮೇಲೆ ತೂಬಿನ ಪಕ್ಕ ಒಬ್ಬ ಮನುಷ್ಯ, ತೊಡೆಯ ಮೇಲೆ ಕೋಲು. ಅವನ ಬೆನ್ನಿನ ಮೂಳೆಗಳನ್ನು ಎಣಿಸಬಹುದಿತ್ತು. ದೂರದಲ್ಲಿ, ಅವನು ನೋಡುತ್ತಿದ್ದ ಕಡೆ, ದಂಡಿನ ಒಂದಿಷ್ಟು ಕೆಮ್ಮಣ್ಣಿನ ಧೂಳು. ಬಲಗಡೆ ಅಂಚಿನಲ್ಲಿ ರಾಗಿ ಹೊಲ. ಉಳಿದದ್ದೆಲ್ಲ ಖಾಲಿ ರೇಷ್ಮೆ. ಕೆರೆ ಎಂದರೆ ಕೆರೆ, ಆಕಾಶ ಎಂದರೆ ಆಕಾಶ. ನಾನು ಗೊತ್ತಿಲ್ಲದೆಯೇ ಎರಡು ಹೆಜ್ಜೆ ಹತ್ತಿರ ಹೋಗಿದ್ದೆ.

ಚಿಂತಾಮಣಿ ಕಡೆಯ ಸದಸ್ಯರೊಬ್ಬರು ತೆಲುಗಿನಲ್ಲೇ ಶುರು ಮಾಡಿದರು. "ಇದೇಮಿ ಸಾಮೀ, ಅಂತಾ ಖಾಲೀಗಾ ಉಂದಿ!"

"ಖಾಲಿ ಅಂದ್ರೆ ಎಷ್ಟು ಖಾಲಿ!" ಎಂದರು ಅಧ್ಯಕ್ಷರು. ಹೆಜ್ಜೆಯಿಂದ ಅಗಲ ಅಳೆದರು. "ಇಷ್ಟು ಜಾಗದಾಗೆ ನಾನು ಅರವತ್ತು ಸೈಟು ತೆಗೀತೀನಿ ಮೇಷ್ಟ್ರೇ. ನಿಮಗೆ ಒಂದು ಕುದುರೆ ನಿಲ್ಸಕ್ಕೆ ಆಗ್ಲಿಲ್ವಾ? ನಮ್ಮೋರೆಲ್ಲ ಎಲ್ಲಿ?"

"ಇದಾರಲ್ಲ" ಎಂದು ಭಾವ ರಾಗಿ ಹೊಲ ತೋರಿಸಿದರು. "ಧೂಳು ನೋಡಿ, ನೆಟ್ಟಗೆ ಮೇಲಕ್ಕೆ ಎದ್ದಿದೆ. ಗಾಳಿ ಇಲ್ಲ. ಆದ್ರೂ ಪೈರು ಅಲ್ಲಾಡ್ತಾ ಇದೆ. ಅದ್ರೊಳಗೆ ಇದಾರೆ."

ಎಲ್ಲರೂ ಬಗ್ಗಿ ನೋಡಿದರು. ನಿಜವಾಗಿಯೂ ಅಲ್ಲಾಡುತ್ತಿತ್ತು. ಅಷ್ಟು ಚೆನ್ನಾಗಿ ಬರೆದಿರದಿದ್ದರೆ ಬಹುಶಃ ಕ್ಷಮಿಸುತ್ತಿದ್ದರು.

"ಇದಕ್ಕೆ ಸಾಕ್ಷಿ ಏನು? ಆ ಮುದುಕಿ ಮಾತಾ?" ಎಂದರು ಅಧ್ಯಕ್ಷರು.

"ಹೌದು. ಮಾತಿನ ಜೊತೆಗೆ ಒಂದು ಕಲ್ಲಾದ್ರೂ ಇದೆ. ನಿಮ್ ಕಡೆ ಏನಿದೆ, ಸೊಪ್ಪಿನ ಕತ್ತಿ."

ಆ ಮಾತಿನ ಮೇಲೆ ಯಾವ ಚಿತ್ರವೂ ಉಳಿಯುವಂತಿರಲಿಲ್ಲ. ಚಿಂತಾಮಣಿಯಲ್ಲಿ ಫ್ಲೆಕ್ಸ್ ಹೊಡೆಸಿಬಿಡೋಣ, ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಒಂದೊಂದಾಗಿ ಕೈಗಳು ಎದ್ದವು. ಭಾವ ಯಾರನ್ನೂ ನೋಡಲಿಲ್ಲ, ನನ್ನ ಕಡೆಗೇ ತಿರುಗಿದರು. ಅವರಿಗೆ ನನ್ನ ಮುಖ ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ನನ್ನ ತಲೆಯಲ್ಲಿ ಆಗ ಇದ್ದದ್ದು ಜಪಾನೂ ಅಲ್ಲ, ಇತಿಹಾಸವೂ ಅಲ್ಲ. ಫ್ಲೆಕ್ಸ್ ಆದರೆ ನಮ್ಮ ಮುತ್ತಾತ ಮತ್ತೆ ಕುದುರೆ ಹತ್ತುತ್ತಾನೆ ಎನ್ನುವುದೊಂದೇ. ನಾನೂ ಕೈ ಎತ್ತಿದೆ. ಭಾವ ಚಿತ್ರ ಸುತ್ತಿಕೊಂಡು, ಗೋಡೆ ಸವರಿಕೊಳ್ಳುತ್ತ ಮೆಟ್ಟಿಲಿಳಿದರು. ನಾನು ಹಿಂದೆ ಹೋಗಲಿಲ್ಲ.

ಆ ಫ್ಲೆಕ್ಸ್ ಈಗಲೂ ಇದೆ, ಬೇಕಾದರೆ ಬಂದು ನೋಡಿ. ಕೆರೆ ಏರಿಯ ಹಿಂದೆ ಹಿಮದ ಬೆಟ್ಟಗಳು. ಒಂದೇ ಕುದುರೆಯನ್ನು ಹನ್ನೊಂದು ಸಲ ಅಂಟಿಸಿದ್ದಾರೆ, ಹನ್ನೊಂದೂ ಎಡಗಾಲನ್ನೇ ಎತ್ತಿವೆ. ಪೂರ್ವಿಕರ ಫೋಟೋ ಇಲ್ಲದ ಮನೆಯವರು ತಮ್ಮ ಫೋಟೋವನ್ನೇ ಕಳಿಸಿದ್ದರಿಂದ ಅಧ್ಯಕ್ಷರು ತಮ್ಮದೇ ಮುತ್ತಾತನಾಗಿ ಯುದ್ಧ ಮಾಡುತ್ತಿದ್ದಾರೆ, ಮೂಗಿನ ಮೇಲೆ ಕನ್ನಡಕದ ಗುರುತಿದೆ. ಎಲ್ಲರ ಮೈಮೇಲೂ ಪದರಪದರವಾದ ಕಪ್ಪು ಕವಚ, ತಲೆಗೆ ಎರಡು ಕೊಂಬಿನ ಶಿರಸ್ತ್ರಾಣ. ಉದ್ಘಾಟನೆಗೆ ಬಂದಿದ್ದ ಅಕ್ಕ ನೋಡಿದವಳೇ ನನ್ನ ಕಿವಿಯಲ್ಲಿ, "ಇದು ನಿಮ್ ಭಾವನ ಪುಸ್ತಕದಾಗಿರೋ ಡ್ರೆಸ್ಸಲ್ವೇನೋ? ಜಪಾನಿಂದ ಹೊಲಿಸ್ಕೊಂಡ್ ಬಂದ್ರಾ ನಮ್ಮೋರು?" ಎಂದಳು. ಫ್ಲೆಕ್ಸಿನವನು ಇಂಟರ್ನೆಟ್ಟಿನಲ್ಲಿ ಯೋಧ ಎಂದು ಹುಡುಕಿ, ಚೆನ್ನಾಗಿ ಕಂಡದ್ದನ್ನು ತೊಡಿಸಿದ್ದ. ಅದರ ಕೆಳಗೆ ಎಲ್ಲರೂ ಸಾಲಾಗಿ ನಿಂತು ಸೆಲ್ಫಿ ತೆಗೆದುಕೊಂಡರು. ನಾನೂ ತೆಗೆದುಕೊಂಡೆ.

ಮುಂದಿನ ತಿಂಗಳು ಅಕ್ಕ ಫೋನು ಮಾಡಿ, "ಬಾರೋ, ಎಷ್ಟು ದಿನ ಅಂತ ತಪ್ಪಿಸ್ಕೊಂತೀಯ" ಎಂದು ಬೈದು ಕರೆಸಿದಳು. ಹೋದರೆ ನಡುಮನೆಯಲ್ಲಿ ಆ ಅಜ್ಜಿ ಕುರ್ಚಿಯ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಲೆಕ್ಚರರ್ ಮೊಮ್ಮಗಳು. ತಮ್ಮ ಕೇರಿಯ ವಾಚನಾಲಯಕ್ಕೆ ಚಿತ್ರ ಕೊಡಿ ಎಂದು ಕೇಳಲು ಬಂದಿದ್ದರು. ಭಾವನ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂದಿತ್ತು. ರೇಷ್ಮೆ ಬಿಚ್ಚಿ ಹರಡಿದರು. ಮೊಮ್ಮಗಳು ಬೆರಗಾಗಿ, "ತುಂಬಾ ಚೆನ್ನಾಗಿದೆ ಸಾರ್" ಎಂದಳು. ಅಜ್ಜಿ ಎದ್ದು, ಹತ್ತಿರ ಹೋಗಿ, ಆ ಮನುಷ್ಯನನ್ನು ನೋಡಿಯೇ ನೋಡಿದಳು.

"ಇವ್ನು ನೀರಗಂಟಿ ಅಲ್ಲ" ಎಂದಳು.

"ಯಾಕವ್ವಾ?"

"ನೀರಿಗೆ ಬೆನ್ ಹಾಕ್ಕೊಂಡು ದಂಡನ್ನ ನೋಡ್ತಾ ಕೂತವ್ನಲ್ಲಪ್ಪಾ. ತುಂಬಿದ ಕೆರೆಗೆ ನೀರಗಂಟಿ ಯಾವತ್ತಾದ್ರೂ ಬೆನ್ ಹಾಕ್ತಾನಾ? ದಂಡು ಹಾಳಾಗೋಗ್ಲಿ, ಅವ್ನ್ ಕಣ್ಣು ನೀರಿನ ಮಟ್ಟದ ಮೇಲಿರ್ಬೇಕು. ಇವ್ನು ಎದೆ ಉಬ್ಬಿಸ್ಕೊಂಡವ್ನೆ. ಇವ್ನೂ ನಿಮ್ಮೋರ ಪೈಕೀನೇ."

"ಅಜ್ಜೀ, ಸುಮ್ನಿರೇ" ಎಂದಳು ಮೊಮ್ಮಗಳು.

ಭಾವ ಕೂತುಬಿಟ್ಟರು. ಎಲ್ಲರ ಕುದುರೆಯನ್ನೂ ಇಳಿಸಿದ ಮನುಷ್ಯ, ತಮಗೇ ಗೊತ್ತಿಲ್ಲದೆ ಒಬ್ಬನನ್ನು ಹತ್ತಿಸಿದ್ದರು. ಆ ಬೆನ್ನಿನ ಗೆರೆಗೆ ಕಣ್ಣಿನ ಕೊನೆಯ ಬೆಳಕನ್ನೆಲ್ಲ ಸುರಿದಿದ್ದರು. ಅದನ್ನು ಅಳಿಸುವಂತಿಲ್ಲ, ಇನ್ನೊಂದು ಎಳೆಯುವಂತೆಯೂ ಇಲ್ಲ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ತಡೆದಳು.

ಸ್ವಲ್ಪ ಹೊತ್ತಾದ ಮೇಲೆ ಭಾವ ನಗತೊಡಗಿದರು. ಮೈಯೆಲ್ಲ ಕುಲುಕುವ ನಗು. "ಅಲ್ಲ ಬಾಮೈದ, ಒಂದು ವರ್ಷದಲ್ಲಿ ಈ ಚಿತ್ರಾನ ನಿಜವಾಗಿ ನೋಡಿದೋರು ಇವರೊಬ್ರೇ" ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ತಪ್ಪು ಚಿತ್ರ ಕೊಡಲ್ಲಮ್ಮಾ. ಗೋಡೆ ನಿಮ್ದು, ಸರಿಯಾದ್ದೇ ಇರ್ಲಿ. ಸಣ್ಣ ಗೆರೆ ಇನ್ನು ನನ್ ಕೈಲಾಗಲ್ಲ. ಇದ್ದಲಲ್ಲಿ ದಪ್ಪಗೆ ಬರೀತೀನಿ, ಆಗುತ್ತಾ?" ಎಂದರು.

"ಗೋಡೆಗೆ ದಪ್ಪಗಿದ್ರೇ ಕಾಣೋದು" ಎಂದಳು ಅಜ್ಜಿ, ಮೊಮ್ಮಗಳು ಬಾಯಿ ತೆರೆಯುವ ಮೊದಲೇ.

"ಹಂಗಾದ್ರೆ ನಾಳೆ ಬೆಳಿಗ್ಗೆ ಏರಿ ಮೇಲೆ. ನೀವು ಬಂದು ಹೇಳ್ಕೊಡ್ಬೇಕು. ಕೂತ್ಕೊಳಕ್ಕೆ ಒಬ್ಬ ಆಳು ಬೇಕು." ಭಾವ ನನ್ನ ಕಡೆ ಕೈ ತೋರಿಸಿದರು. "ಇವ್ನು ಬರ್ತಾನೆ. ಕೈ ಎತ್ತಕ್ಕೆ ಹೇಳಿದ್ರೆ ಎತ್ತುತಾನೆ, ಇಳ್ಸು ಅಂದ್ರೂ ಇಳಿಸ್ಬೋದು."

ಅಕ್ಕ ನನ್ನನ್ನು ನೋಡಿದಳು. ಬರುವುದಿಲ್ಲ ಎನ್ನುವ ಧೈರ್ಯ ನನಗೆ ಆವತ್ತೂ ಇರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ತೂಬಿನ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಕೂತೆ. ಭವನಕ್ಕೆ ಹೋಗುವ ದಾರಿಯೂ ಅದೇ. ಅಧ್ಯಕ್ಷರ ಕಾರು ನಿಧಾನ ಮಾಡಿತು, ಗಾಜು ಇಳಿಯಿತು, ಮತ್ತೆ ಏರಿತು. ಭಾವ ಇದ್ದಲು ಹಿಡಿದು ಹತ್ತಡಿ ದೂರದಲ್ಲಿ ನಿಂತರು. ಅಷ್ಟು ದೂರದಿಂದ ಅವರಿಗೆ ನಾನು ಒಂದು ಮಬ್ಬು ಆಕಾರವಷ್ಟೇ. ಅಜ್ಜಿ ನನ್ನ ಸುತ್ತ ಒಂದು ಸುತ್ತು ಬಂದು, ಕೋಲನ್ನು ತೊಡೆಯಿಂದ ತೆಗೆದು ಭುಜಕ್ಕೆ ಒರಗಿಸಿದಳು. ಗಲ್ಲ ಹಿಡಿದು ಮುಖವನ್ನು ನೀರಿನ ಕಡೆ ತಿರುಗಿಸಿದಳು. ಆಮೇಲೆ ಎರಡು ಬೆರಳಲ್ಲಿ ನನ್ನ ಬೆನ್ನಿಗೆ ತಿವಿದಳು.

"ಅದ್ಯಾಕೆ ಇನ್ನೂ ಎದೆ ಉಬ್ಸಿದ್ದೀಯ? ಬಿಡು ಅದನ್ನ. ನೀರು ನೋಡು. ಥೂ, ಕೂತ್ಕೊಳಕ್ಕೂ ಬರಲ್ವೇನಪ್ಪಾ ನಿಮಗೆ?"